ಮೂರನೆಯ ಪಟ್ಟಿಯ ದನಿ

ಗುಂಡ್ಲುಪೇಟೆ,
ಬುಧವಾರ, ೧೨-೬-೨೦೨೪

ಪ್ರೀತಿಯ ನೀಲಾ,

ಕಾಲು ಹೇಗಿದೆ? ಊತ ಇಳಿಯಿತೇ? ಹೆಬ್ಬೆರಳಿನ ಉಗುರು ಕಪ್ಪಾಗಿದ್ದರೆ ಕೀಳಲು ಹೋಗಬೇಡ, ತಾನಾಗಿ ಬಿದ್ದುಹೋಗುತ್ತದೆ. ನನ್ನದು ಎಷ್ಟು ಸಲ ಬಿದ್ದಿಲ್ಲ. ನಿಮ್ಮಮ್ಮನ ಮಂಡಿನೋವು ಹೇಗಿದೆ? ಅಳಿಯನನ್ನು ಬೈಯಲು ಕೂತರೆ ಅವರಿಗೆ ಅರ್ಧ ನೋವು ಹೋಗುತ್ತದೆ, ಈಗಂತೂ ಪೂರ್ತಿ ವಾಸಿಯಾಗಿರಬೇಕು. ನಾನು ಉಣ್ಣುತ್ತಿದ್ದೇನೆ. ನಾನು ಮಾಡಿದ ಮುದ್ದೆ ಗಂಟುಗಂಟಾಗುತ್ತದೆ, ಆದರೂ ನುಂಗುತ್ತೇನೆ.

ನೀನು ಸಂತೆಮರಹಳ್ಳಿಗೆ ಹೋಗಿ ಹದಿನೆಂಟು ದಿನವಾಯಿತು. ಒಂಬತ್ತು ಸಲ ಫೋನ್ ಮಾಡಿದ್ದೀಯ, ನಾನು ಎತ್ತಲಿಲ್ಲ. ಸಿಟ್ಟಿನಿಂದಲ್ಲ. ಎತ್ತಿದರೂ ನಿನ್ನ ಮಾತು ನನಗೆ ತಿಳಿಯುವುದಿಲ್ಲ. ನನಗೆ ಕಿವಿ ಕೇಳಿಸುತ್ತಿಲ್ಲ ನೀಲಾ. ಎರಡು ವರ್ಷದಿಂದ ಹೀಗೆ. ಹೋದ ವರ್ಷ ಇದ್ದಿಲು ತರುತ್ತೇನೆಂದು ಚಾಮರಾಜನಗರಕ್ಕೆ ಹೋಗಿ ಬರಿಗೈಯಲ್ಲಿ ಬಂದೆನಲ್ಲ, ಆ ದಿನ ಹೋಗಿದ್ದು ಕಿವಿ ಡಾಕ್ಟರ ಹತ್ತಿರ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಚೂರುಪಾರು ಉಳಿದಿದೆ, ಸುತ್ತಿಗೆ ಕೆಲಸ ಬಿಡಿ ಎಂದರು. ಎದುರಿಗಿದ್ದವರ ತುಟಿ ನೋಡಿ ಹೇಗೋ ಸಂಭಾಳಿಸುತ್ತಿದ್ದೇನೆ. ಮೆಸೇಜ್ ಹಾಕೋಣವೆಂದರೆ ನಿನ್ನದು ಬಟನ್ ಫೋನು, ಬಂದ ಮೆಸೇಜನ್ನು ನೀನು ಜನ್ಮದಲ್ಲಿ ತೆರೆದವಳಲ್ಲ. ಅದಕ್ಕೇ ಈ ಕಾಗದ. ಬಸ್ಸಿನ ಕಂಡಕ್ಟರ್ ಗಣೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಕಾಲಿಗೆ ಪೆಟ್ಟಾದ ದಿನ ಆದದ್ದು ನಿನಗೆ ಗೊತ್ತು, ಆದರೆ ನನ್ನ ಕಡೆಯಿಂದ ಗೊತ್ತಿಲ್ಲ. ನಾನು ಚಿಕ್ಕ ಸುತ್ತಿಗೆಯಿಂದ ತಟ್ಟಿದ ಜಾಗಕ್ಕೆ ನೀನು ಸಮ್ಮಟಿಗೆ ಹಾಕಬೇಕು, ನಾನು ಕಾದ ಕಬ್ಬಿಣ ಬಿಟ್ಟು ಅದರಡಿಯ ಅಡಿಗಲ್ಲಿನ ಮೇಲೆ ಟಣ್ ಎನ್ನಿಸಿದರೆ ನಿಲ್ಲಿಸಬೇಕು. ಕುಲುಮೆಯ ಮುಂದೆ ಇಪ್ಪತ್ತೆರಡು ವರ್ಷ ನಾವು ಮಾತಾಡಿದ್ದು ಹೀಗೆಯೇ. ನಿಲ್ಲಿಸು ಎನ್ನಲು ನನಗೆ ಸುತ್ತಿಗೆಯಿದೆ, ನಿನಗೆ ಇರುವುದು ಬಾಯಿ ಒಂದೇ. ಸಮ್ಮಟಿಗೆಯ ಹಿಡಿ ಸಡಿಲವಾಗಿದೆ, ನಿಲ್ಲಿಸಿ ಎಂದು ನೀನು ಕೂಗಿದೆಯಂತೆ. ನಾನು ತಟ್ಟುತ್ತಲೇ ಇದ್ದೆ. ನಾನು ತಟ್ಟಿದ ಮೇಲೆ ಏಟು ಹಾಕದೆ ಬಿಟ್ಟವಳಲ್ಲ ನೀನು, ಹಾಕಿದೆ. ಸಮ್ಮಟಿಗೆಯ ತಲೆ ಕಳಚಿ ನಿನ್ನ ಕಾಲ ಮೇಲೆ ಬಿತ್ತು. "ನಾಕ್ ಸಲ ಬಡ್ಕಂಡೆ ಕಣ್ರೀ, ಎಮ್ಮೆ ಮ್ಯಾಲೆ ಮಳೆ ಉಯ್ದಂಗೆ ಕುಂತಿದ್ರಲ್ಲಾ" ಎಂದು ನನ್ನ ಮುಖಕ್ಕೇ ಹೇಳಿದೆ. ಕೇಳಿಸಲಿಲ್ಲ ಎಂದು ಆಗಲೇ ಹೇಳಬಹುದಿತ್ತು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಮೊಂಡ ಎನ್ನಿಸಿಕೊಳ್ಳುವುದೇ ಮೇಲು ಎಂದುಕೊಂಡು ಸುಮ್ಮನಿದ್ದುಬಿಟ್ಟೆ. ಕಿವುಡನ ಮುಂದೆ ಯಾರು ತಾನೇ ಸಮ್ಮಟಿಗೆ ಎತ್ತುತ್ತಾರೆ?

ಮದ್ದೂರು ರಸ್ತೆಯ ರೆಸಾರ್ಟಿನ ಸುಧಾಕರ್ ಹೇಳಿದ್ದ ತೂಗುಗಂಟೆಯನ್ನು ಒಬ್ಬನೇ ಮುಗಿಸಿದೆ. ಅದೇ, ಗಾಳಿ ಬಂದರೆ ಐದು ಉಕ್ಕಿನ ಪಟ್ಟಿಗಳು ಐದು ಸ್ವರ ಹಾಡಬೇಕು ಎಂದಿದ್ದರಲ್ಲ. ಲಾರಿ ಕಮಾನಿನ ಪಟ್ಟಿ ಕಾಯಿಸಿ ಬಡಿದು, ತುದಿಗೆ ಹುಣಸೆಕಾಯಿಯ ಹಾಗೆ ಬಳುಕು ಕೊಟ್ಟಿದ್ದೇನೆ. ನೋಡಲು ಚೆನ್ನಾಗಿಯೇ ಇದೆ. ಆದರೆ ಒಂದು ತಪ್ಪು ಮಾಡಿಬಿಟ್ಟೆ. ಮಚ್ಚಾದರೆ ಅಲಗಿನ ಬಾಯಿಯನ್ನಷ್ಟೇ ನೀರಿಗೆ ಅದ್ದುತ್ತೇವೆ, ಇಂಥ ಪಟ್ಟಿಯನ್ನು ಬೂದಿಯಲ್ಲಿ ಹೂತು ಆರಲು ಬಿಡಬೇಕು. ಮೂರನೆಯದರ ಹೊತ್ತಿಗೆ ಮನಸ್ಸು ನಿನ್ನ ಕಾಲಿನ ಮೇಲಿತ್ತು, ಕೈ ಇಡೀ ಪಟ್ಟಿಯನ್ನು ನೀರಿನ ತೊಟ್ಟಿಗೆ ಮುಳುಗಿಸಿಬಿಟ್ಟಿತು. ಒಳಗೆ ಬಿರುಕು ಬಿಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಬಡಿದು ಕೇಳಬೇಕು. ಟೀ ಅಂಗಡಿ ನಿಂಗಯ್ಯನನ್ನು ಕರೆದು ಐದನ್ನೂ ಬಡಿದೆ. ಐದಕ್ಕೂ "ಪಸಂದಾಗಿ ಅದೆ ಬುಡು" ಎಂದ. ಅವನ ಟೀಗೂ ಅವನು ಅದನ್ನೇ ಹೇಳುತ್ತಾನೆ. ಕೊನೆಗೆ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಡಿದೆ. ನಾಲ್ಕರ ಅದುರು ತಲೆಬುರುಡೆಗೆ ಹತ್ತಿ ನಿಧಾನವಾಗಿ ಇಳಿಯಿತು. ಮೂರನೆಯದು ಬೇಗ ನಿಂತಂತಾಯಿತು. ತಪ್ಪು ಪಟ್ಟಿಯದೋ ನನ್ನ ತಲೆಯದೋ ಗೊತ್ತಾಗದೆ ಅಡಿಗಲ್ಲಿನ ಪಕ್ಕ ಕೂತು ಅತ್ತುಬಿಟ್ಟೆ. ಹೆಂಗಸರ ಹಾಗೆ ಎನ್ನಬೇಡ, ನೀನು ಕಾಲಿನ ಮೇಲೆ ಕಬ್ಬಿಣ ಬಿದ್ದಾಗಲೂ ಹೀಗೆ ಅತ್ತಿರಲಿಲ್ಲ.

ಶನಿವಾರ ಸುಧಾಕರ್ ಬರುತ್ತಾರೆ. ಒಡಕು ದನಿ ಬಂದರೆ ದೊರೆಸ್ವಾಮಿಯ ಕಿವಿ ಹೋಗಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗಲಿ. ನನಗಿರುವ ಹೆದರಿಕೆ ಅದಲ್ಲ. ನೀನು ಇನ್ನು ಬರುವುದೇ ಇಲ್ಲವೇನೋ ಎಂದು ಹೆದರಿಕೆ. ಅಡುಗೆಮನೆಯಲ್ಲಿ ಕೂತೇ ಕುಡುಗೋಲಿನ ಸದ್ದು ಕೇಳಿ "ಅದ ಬುಟ್ಬುಡಿ, ಬಿರ್ಕ್ ಬುಟ್ಟದೆ" ಎನ್ನುತ್ತಿದ್ದವಳು ನೀನು. ಬಂದು ಒಂದು ಸಲ ಬಡಿದು ನೋಡು. ಸಮ್ಮಟಿಗೆ ಹಿಡಿ ಎಂದು ಇನ್ನು ಯಾವತ್ತೂ ಕೇಳುವುದಿಲ್ಲ. ಬೇಕಾದರೆ ಕುಲುಮೆಯನ್ನೇ ಆರಿಸೋಣ. ನೀನಿಲ್ಲದೆ ನನ್ನಿಂದ ಆಗುತ್ತಿಲ್ಲ.

ಅತ್ತೆಯ ಕಾಲಿಗೆ ನನ್ನ ನಮಸ್ಕಾರ. ನಿನ್ನ ಕಾಲು ಬೇಗ ನೆಟ್ಟಗಾಗಲಿ.

ನಿನಗೆ ನೋವು ಮಾಡಿದವನು,
ದೊರೆಸ್ವಾಮಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ನಿಂಗಯ್ಯ ಬಂದ. ನನಗೆ ಕಿವಿ ಕೇಳಿಸುವುದಿಲ್ಲವೆಂದು ಅವನಿಗೂ ಹೇಳಿಬಿಟ್ಟೆ, ಆಗ ನನ್ನ ಬಲಗಿವಿಗೆ ಬಾಯಿಟ್ಟು ಕೂಗಿ ಹೇಳಿದ. "ಮೊನ್ನೆ ಸೋಮಾರ ನಿಮ್ಮನೆಯವ್ರು ಬಂದಿದ್ರು ಕಣ್ಲಾ. ಬಾಗ್ಲಲ್ಲಿ ನಿಂತ್ಕಂಡು ಮೂರ್ ಸಲ ಕರದ್ರು, ನೀ ತಿರುಗ್ಲೇ ಇಲ್ಲ. ಕಣ್ಣೊರ್ಸ್ಕಂಡು ಬಸ್ ಅತ್ತಿ ಓದ್ರು. ಗಂಡ ಎಂಡ್ತಿ ಜಗಳ ಅಂತ ನಾನೂ ಸುಮ್ಕಿದ್ದೆ." ಆ ಕುಂಟುಗಾಲಿನಲ್ಲಿ ಅಷ್ಟು ದೂರ ಬಂದಿದ್ದೆಯಾ? ನಾನು ಬಾಗಿಲಿಗೆ ಬೆನ್ನು ಹಾಕಿ ಆ ಹಾಳು ಪಟ್ಟಿಗೆ ಅರ ತಿಕ್ಕುತ್ತಿದ್ದೆ. ಕೇಳಿಸಲಿಲ್ಲ ನೀಲಾ, ನಿನ್ನಾಣೆ, ಒಂದು ಸಲವೂ ಕೇಳಿಸಲಿಲ್ಲ. ಬಸ್ಸು ಹೊರಡುತ್ತಿದೆ, ಗಣೇಶ ಕೈ ಚಾಚಿದ್ದಾನೆ. ಇನ್ನೊಂದೇ ಒಂದು ಸಲ ಬಾ. ಬಾಗಿಲಲ್ಲಿ ನಿಂತು ಕರೆಯಬೇಡ, ಒಳಗೆ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸು.