ಅಕ್ಕ ಈಗಿಲ್ಲ

ಸೈಟ್ ಆಫೀಸಿನ ತಗಡಿನ ಶೆಡ್ಡು
ಭಾನುವಾರ, ಮಾರ್ಚ್ ೧೦

ನನ್ನ ಪ್ರೀತಿಯ ಅಕ್ಕಾ,

ಹೇಗಿದ್ದೀ? ಮಂಡಿನೋವು ಹೇಗಿದೆ? ಮಗಳ ಮನೆಗೆ ಲಿಫ್ಟ್ ಇಲ್ಲ ಎಂದಿದ್ದೆ, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದೀಯೋ ಏನೋ. ಬಾಣಂತಿ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಮಗು ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ನಿದ್ದೆ ಮಾಡುತ್ತದೆ ಎಂದು ನೀನು ಹೇಳಿದಾಗಿನಿಂದ ನನಗೆ ಅದರ ಮೇಲೆ ವಿಶೇಷ ಅಕ್ಕರೆ. ಇನ್ನಷ್ಟು ಬೆಳೆಯಲಿ, ನಮ್ಮ ಕಾಂಕ್ರೀಟ್ ತಂಡಕ್ಕೆ ಸೇರಿಸಿಕೊಳ್ಳುತ್ತೇನೆ. ಫೋನ್ ಇರುವಾಗ ಇದೇನು ಇವನು ಕಾಗದ ಬರೆಯುತ್ತ ಕೂತ ಎಂದು ನಗಬೇಡ. ಫೋನ್ ಮಾಡಿದರೆ ನಿನ್ನ ಮಗಳು ಸ್ಪೀಕರ್‌ಗೆ ಹಾಕುತ್ತಾಳೆ, ಅಳಿಯಂದಿರೂ ಪಕ್ಕದಲ್ಲೇ ಇರುತ್ತಾರೆ. ಇದು ನಾಲ್ಕು ಜನರ ಮುಂದೆ ಹೇಳುವ ಮಾತಲ್ಲ. ಈ ವಾರ ಹೇಳಲೇಬೇಕೆಂದು ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಮಗುವಿನ ತೂಕ ಕೇಳಿ ಇಟ್ಟುಬಿಟ್ಟೆ. ನೀನು, ಇವನಿಗೆ ಮಗುವಿನ ತೂಕದ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು.

ನಿನ್ನ ಮನೆ ಹೇಗೆ ಬಿಟ್ಟುಹೋದೆಯೋ ಹಾಗೇ ಇದೆ. ಆಗಾಗ ಬೀಗ ತೆಗೆದು ಧೂಳು ಹೊಡೆಯುತ್ತೇನೆ. ಗಿರಾಕಿಗಳು ರಫು ಹಾಕಲು ಕೊಟ್ಟ ಕೋಟುಗಳನ್ನು ನೀನು ಹೇಳಿದಂತೆ ಬಟ್ಟೆ ಮುಚ್ಚಿ ಇಟ್ಟಿದ್ದೇನೆ. ಎದುರು ಬ್ಯಾಂಕಿನ ಬೊಕ್ಕತಲೆಯವರು ಮತ್ತೆ ಸಿಗರೇಟಿನಿಂದ ತೋಳು ಸುಟ್ಟುಕೊಂಡು ಬಂದಿದ್ದರು. ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ ಎಂದರೆ, “ನಿಮ್ಮಕ್ಕ ಹಾಕಿದ್ರೆ ಹೊಲಿಗೆ ನಮ್ಮ ಮನೆಯವಳ ಕಣ್ಣಿಗೂ ಬೀಳಲ್ಲ ಕಣ್ರೀ, ಕಾಯ್ತೀನಿ ಬಿಡಿ” ಎಂದು ಸುಟ್ಟ ತೋಳನ್ನು ಮಡಚಿಕೊಂಡೇ ಹೋದರು. ನೀನಿಲ್ಲದೆ ಈ ಬೀದಿಯ ದೊಡ್ಡ ಮನುಷ್ಯರೆಲ್ಲ ತೂತು ಮುಚ್ಚಿಕೊಂಡು ಓಡಾಡುತ್ತಿದ್ದಾರೆ. ಅಕ್ಕ ಎಲ್ಲಿ ಎಂದು ಅವರು ಕೇಳಿದಾಗಲೆಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದಾಳೆ ಎಂದು ಸರಿಯಾಗಿಯೇ ಹೇಳುತ್ತೇನೆ. ಒಂದೇ ಒಂದು ಕಡೆ ಹಾಗೆ ಹೇಳಲಿಲ್ಲ.

ಅಕ್ಕಾ, ವಿಷಯ ನಮ್ಮ ಕಟ್ಟಡದ್ದು. ನಲವತ್ತು ಮಹಡಿಯ ಈ ಆಫೀಸು ಗೋಪುರದ ನಕ್ಷೆ ಬರೆಯುವವರಲ್ಲಿ ನಾನೂ ಒಬ್ಬ ಎಂದು ಗೊತ್ತಾದ ದಿನ ನೀನು ಸಿಹಿ ತಂದಿದ್ದೆ. ಅದು ಎದ್ದರೆ ನಿನ್ನ ಕಿಟಕಿಗೆ ಬೆಳಕು ಬರುವುದಿಲ್ಲ ಎಂದು ಗೊತ್ತಾದ ದಿನ ನೀನೇ ಸೀದಾ ಅನುಮತಿ ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟು ಬಂದೆ. ನಾನು ಮುಖ ಊದಿಸಿಕೊಂಡಿದ್ದಕ್ಕೆ, “ನಿನ್ ಕೆಲಸ ನೀನ್ ಮಾಡೋ, ನನ್ ಕಿಟಕಿ ನಾನ್ ನೋಡ್ಕೋತೀನಿ” ಎಂದೆ. ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಟ್ಯೂಬ್‌ಲೈಟಿನಲ್ಲಿ ಕಪ್ಪು ದಾರ, ಕಡು ನೀಲಿ ದಾರ ಎರಡೂ ಒಂದೇ ಥರ ಕಾಣುತ್ತವೆ, ಹಗಲ ಬೆಳಕಿಲ್ಲದಿದ್ದರೆ ನಿನ್ನ ಕಸುಬೇ ಇಲ್ಲ ಎಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಯಾವ ತಿಂಗಳು ಯಾವ ಹೊತ್ತಿನಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂದು ತೋರಿಸುವ ನಕ್ಷೆಯೊಂದನ್ನು ನಾವು ಮಾಡಬೇಕು. ಅದರಲ್ಲಿ ನಿನ್ನ ಮನೆಯ ಮೇಲೆ ಬೂದು ಬಣ್ಣ ಬಳಿದವನು ನಾನೇ.

ನಿನ್ನ ಅರ್ಜಿಯಿಂದಾಗಿ ಎರಡು ವಿನ್ಯಾಸ ಮಾಡಬೇಕಾಯಿತು. ಒಂದರಲ್ಲಿ ಆರನೇ ಮಹಡಿಯಿಂದ ಮೇಲಕ್ಕೆ ನಿನ್ನ ಕಡೆಯ ಮೂಲೆಯನ್ನು ಒಳಕ್ಕೆ ಎಳೆದು ನಿನಗೆ ಬೆಳಕು ಬಿಟ್ಟಿದ್ದೆವು. ಇನ್ನೊಂದರಲ್ಲಿ ಮೂಲೆ ನೆಟ್ಟಗೆ ಕೆಳಗಿನಿಂದ ತುದಿಯವರೆಗೆ ಹೋಗುತ್ತದೆ. ಆ ಎರಡನೆಯದು ಪೂರ್ತಿ ನನ್ನ ಕೈಯದು. ನಮ್ಮ ಮುಖ್ಯಸ್ಥರ ಬಗ್ಗೆ ನಿನಗೆ ಹೇಳಿದ್ದೇನಲ್ಲ, ಯಾವ ನಕ್ಷೆ ತೋರಿಸಿದರೂ “ಇನ್ನೊಂದ್ಸಲ” ಎಂದು ವಾಪಸು ತಳ್ಳುವವರು, ಆಫೀಸಿನಲ್ಲಿ ಅವರಿಗೆ ಅದೇ ಹೆಸರು. ಈ ಇನ್ನೊಂದ್ಸಲ ಸಾಹೇಬರು ನನ್ನ ಆ ನಕ್ಷೆಯನ್ನು ಬಹಳ ಹೊತ್ತು ನೋಡಿ “ಆಯ್ತು” ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ, ಸುಳ್ಳೇಕೆ ಹೇಳಲಿ.

ಕೆಳಗಿನ ಐದು ಮಹಡಿಗೆ ಮೊದಲೇ ಅನುಮತಿ ಇತ್ತು, ಕೆಲಸ ನಡೆಯುತ್ತಿತ್ತು. ಮೇಲಿನದಕ್ಕೆ ನಿನ್ನ ತಕರಾರು ಅಡ್ಡವಾಗಿತ್ತು. ಹೋದ ತಿಂಗಳು ಅದರ ವಿಚಾರಣೆ. ಅಧಿಕಾರಿ ಒಬ್ಬ ಹೆಂಗಸು, ಒಳ್ಳೆಯವರೇ, ನೆಗಡಿಯಾಗಿತ್ತು ಪಾಪ. ಅರ್ಜಿ ಹಾಕಿದವರು ಬಂದಿದ್ದಾರೆಯೇ ಎಂದು ಕೇಳಿದರು. ನಾನು ಎದ್ದು, “ಅವರು ನಮ್ಮಕ್ಕ, ಮೇಡಂ. ಈಗಿಲ್ಲ” ಎಂದೆ. ಊರಲ್ಲಿಲ್ಲ ಎಂಬ ಅರ್ಥದಲ್ಲೇ ಹೇಳಿದ್ದು, ನಿನ್ನಾಣೆ. ಆಕೆ ಕನ್ನಡಕ ತೆಗೆದು, “ಅಯ್ಯೋ, ಯಾವಾಗ?” ಎಂದರು. “ಎರಡು ತಿಂಗಳಾಯ್ತು” ಎಂದೆ. ಆಗಲೇ ಪಕ್ಕದಲ್ಲಿದ್ದ ಇನ್ನೊಂದ್ಸಲ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟರು, ಸುತ್ತ ಕೂತವರೆಲ್ಲ ತಲೆ ತಗ್ಗಿಸಿದರು. ನಾನು ಇದೇನಾಯಿತು ಎಂದು ನೋಡುವಷ್ಟರಲ್ಲಿ ಆಕೆ ಮುಂದಿನ ವಿಷಯಕ್ಕೆ ಹೋಗಿಬಿಟ್ಟಿದ್ದರು. ತಿದ್ದಲು ಸಮಯವೇ ಸಿಗಲಿಲ್ಲ. ಆಕ್ಷೇಪಣೆ ಸಲ್ಲಿಸಿದವರು ಮೃತರಾದ ಕಾರಣ ಅರ್ಜಿಯನ್ನು ಕೈಬಿಡಲಾಗಿದೆ ಎಂದು ಬರೆದು, ನನ್ನ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟರು.

ಮಾರನೆಯ ದಿನ ಆಫೀಸಿನಲ್ಲಿ ಎಲ್ಲರೂ ನನ್ನೊಂದಿಗೆ ಮೆತ್ತಗೆ ಮಾತಾಡಿದರು. ದುಃಖದಲ್ಲಿದ್ದೀಯ, ಮನೆಗೆ ಹೋಗು ಎಂದು ಎರಡು ದಿನ ರಜೆ ಕೊಟ್ಟರು. ನಾನು ತೆಗೆದುಕೊಂಡೆ ಅಕ್ಕಾ. ಅಮ್ಮ ಹೋದ ಮೇಲೆ ನನ್ನ ಬಟ್ಟೆ ಒಗೆದು, ತಲೆ ಬಾಚಿ, ಪರೀಕ್ಷೆಗೆ ಓದಿಸಿದವಳು ನೀನು. ಬದುಕಿರುವ ಅಂಥ ಅಕ್ಕನ ಹೆಸರಿನಲ್ಲಿ ನಾನು ಸಾವಿನ ರಜೆ ಹಾಕಿ ಮನೆಯಲ್ಲಿ ಬಿದ್ದುಕೊಂಡಿದ್ದೆ. ಆ ಎರಡು ದಿನವೂ ಒಲೆ ಹಚ್ಚಲಿಲ್ಲ. ಅದನ್ನು ನೋಡಿ ಪಕ್ಕದ ಮನೆಯವರು ನನಗೇ ಹುಷಾರಿಲ್ಲವೆಂದು ಗಂಜಿ ಮಾಡಿಕೊಟ್ಟರು.

ಈಗ ಐದು ಮಹಡಿ ಮುಗಿದಿದೆ. ಆರನೆಯದರ ಕಂಬಗಳಿಗೆ ಕಬ್ಬಿಣ ಕಟ್ಟಿ ನಿಲ್ಲಿಸಿದ್ದಾರೆ. ಮೊನ್ನೆ ನಿನ್ನ ಕುರ್ಚಿಯಲ್ಲಿ ಕೂತು ಕಿಟಕಿಯಿಂದ ನೋಡಿದೆ. ಇಷ್ಟು ದಿನ ಆಕಾಶವಿದ್ದ ಜಾಗದಲ್ಲಿ ನಾನು ಬರೆದ ಮೂಲೆ ಕಂಬಿಗಳಲ್ಲಿ ನಿಂತಿದೆ. ಬರುವ ಶನಿವಾರ ಅದಕ್ಕೆ ಕಾಂಕ್ರೀಟ್. ಒಮ್ಮೆ ಸುರಿದರೆ ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಅದಕ್ಕೆ ಮುಂಚೆ ನೀನು ಬಂದು, ಇವರೆಲ್ಲ ತಪ್ಪಾಗಿ ಕೇಳಿಸಿಕೊಂಡಿದ್ದಾರೆ ಎಂದು ಹೇಳಿದರೆ ನಿನಗೆ ಬೆಳಕು ಬಿಟ್ಟ ಮೊದಲ ವಿನ್ಯಾಸಕ್ಕೇ ಹೋಗಬೇಕಾಗುತ್ತದೆ. ಬಾಣಂತಿಯನ್ನು ಬಿಟ್ಟು ಬಾ ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಬಾಣಂತಿ ಬೆಚ್ಚಗಿರಲಿ. ಮಗುವಿನ ಪಾದಕ್ಕೆ ಈ ಚಿಕ್ಕಜ್ಜನ ಮುತ್ತು. ಅಳಿಯಂದಿರಿಗೆ ನಮಸ್ಕಾರ ತಿಳಿಸು, ಕಾಗದ ಮಾತ್ರ ತೋರಿಸಬೇಡ. ನಿನ್ನ ಕಾಲಿಗೆ ಬಿದ್ದಿದ್ದೇನೆ ಎಂದುಕೋ.

ಇಂತು, ನೀನು ಸಾಕಿದ
ತಮ್ಮ

ಮರೆತ ಮಾತು: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಕಾಗದ ಒಯ್ಯುವ ಬಸ್ಸಿನವನು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ತಿದ್ದಲು ಸಮಯ ಸಿಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆ ಅಧಿಕಾರಿ ನನ್ನ ಮುಖ ನೋಡಿ, “ಅಂದ್ರೆ, ತೀರ್ಕೊಂಡ್ರಾ?” ಎಂದು ಬಿಡಿಸಿ ಕೇಳಿದರು. ಮೇಜಿನ ಮೇಲೆ ನನ್ನ ನಕ್ಷೆ ಹರಡಿತ್ತು. ನಾನು “ಹೂಂ” ಎಂದೆ. ಯಾರೂ ತಪ್ಪಾಗಿ ಕೇಳಿಸಿಕೊಂಡಿಲ್ಲ. ಮೊನ್ನೆ ಶುಕ್ರವಾರ ಹೋಗಿ ಆಕೆಗೆ ನಿಜ ಹೇಳಿದೆ. “ಆವತ್ತು ಹಾಗಂದ್ರಿ, ಇವತ್ತು ಹೀಗಂತೀರಿ, ನಿಮ್ಮ ಯಾವ ಮಾತು ನಂಬ್ಲಿ?” ಎಂದು ಕಳಿಸಿಬಿಟ್ಟರು. ಇನ್ನೊಂದ್ಸಲ ಸಾಹೇಬರಿಗೂ ಹೇಳಿದೆ, ಅವರು ಎದ್ದು ಹೋದರು. ಇನ್ನು ನನ್ನ ಮಾತಿಗೆ ಎಲ್ಲೂ ಬೆಲೆಯಿಲ್ಲ, ನೀನೇ ಬರಬೇಕು. ಇದನ್ನು ಓದಿ ಸಿಟ್ಟು ಬಂದರೆ ಅಲ್ಲೇ ಕೂತು ಬೈದುಕೊಳ್ಳಬೇಡ ಅಕ್ಕಾ. ಶನಿವಾರದೊಳಗೆ ಬಂದು, ಆ ಅಧಿಕಾರಿಯ ಎದುರಿಗೇ ನಿಂತು ಬೈಯಿ.