ಮೊಳಕೆ ಬಂದ ಕ್ಯಾಮೆರಾ ಸ್ಟ್ಯಾಂಡ್

ಮೆಟುಚೆನ್, ಏಪ್ರಿಲ್ ೨೦೦೩

ಅಕ್ಕನಿಗೆ ನಮಸ್ಕಾರ. ಗಣಪತಿಯ ಮಗನ ಮುಂಜಿ ಫೋಟೋ ಕೆಲಸ ಮುಗಿಯಿತು. ವಿಮಾನದಲ್ಲಿ ತೂಕ ಹೆಚ್ಚಾದೀತೆಂದು ಕಬ್ಬಿಣದ ಸ್ಟ್ಯಾಂಡ್ ಬಿಟ್ಟುಬಂದೆನಲ್ಲ, ನೀನು ಹೊಲಿದುಕೊಟ್ಟ ಚೀಲವೇ ಕೈಹಿಡಿಯಿತು. ಅದಕ್ಕೆ ಹೆಸರುಕಾಳು ತುಂಬಿ, ಹೊಳೆದಂಡೆಯ ಕಟಕಟೆಯ ಮೇಲಿಟ್ಟು ಕ್ಯಾಮೆರಾ ಕೂರಿಸಿದೆ. ಆಚೆ ದಡದ ನ್ಯೂಯಾರ್ಕಿನ ದೀಪಗಳು ಅಲುಗದೆ ಬಂದರೆ ಅದನ್ನೇ ನೋಡಿ ನಮ್ಮ ಸ್ಟುಡಿಯೋಕ್ಕೆ ಹೊಸ ಹಿನ್ನೆಲೆ ಪರದೆ ಬರೆಸಬಹುದು. ಕತ್ತಲಲ್ಲಿ ಕ್ಯಾಮೆರಾ ತುಂಬ ಹೊತ್ತು ಕಣ್ಣು ತೆರೆದಿರಬೇಕು. ನಾನು ಉಸಿರು ಬಿಗಿಹಿಡಿದು ನಿಂತಾಗಲೇ ಮಳೆ ಬಂತು. ಕ್ಯಾಮೆರಾ ಕೋಟಿನೊಳಗೆ ಸೇರಿತು, ಚೀಲ ನೆನೆಯಿತು. ಗಣಪತಿಯ ಮನೆಗೆ ತಂದು ಹೀಟರಿನ ಪಕ್ಕ ಒಣಗಲು ಇಟ್ಟೆ.

ಎರಡು ದಿನ ಬಿಟ್ಟು ಗಣಪತಿಯ ಹೆಂಡತಿ ನಿರುಪಮಾ, “ಅಣ್ಣಾ, ನಿಮ್ ಸ್ಟ್ಯಾಂಡ್ ಮೊಳಕೆ ಬಂದಿದೆ. ಉಸಲಿ ಮಾಡ್ಬಿಡ್ಲಾ?” ಎಂದಳು.

“ಮಾಡೇ, ಟ್ರೈಪಾಡ್ ಉಸಲಿ ಇನ್ನೂ ಯಾರೂ ತಿಂದಿರಲ್ಲ” ಎಂದ ಗಣಪತಿ.

ತಿಂದೆವು. ಮರುದಿನ ಸಂಜೆ ಚೀಲಕ್ಕೆ ಅಕ್ಕಿ ತುಂಬಿ, ಪ್ಲಾಸ್ಟಿಕ್ ಸುತ್ತಿ ಮತ್ತೆ ಹೋದೆವು.

ಇವತ್ತು ಫೋಟೋ ತೊಳೆದು ಬಂತು. ಒಂದು ದೀಪವೂ ಅಲುಗಿಲ್ಲ. ಎದುರಿಗೆ ಅಷ್ಟು ಜನ ಓಡಾಡುತ್ತಿದ್ದರು, ನಿಂತಲ್ಲಿ ನಿಲ್ಲದ ಅವರಲ್ಲಿ ಒಬ್ಬರೂ ಫೋಟೋದಲ್ಲಿ ಮೂಡಿಲ್ಲ. ಚಳಿಗೆ ಮರಗಟ್ಟಿ ನಿಂತಿದ್ದ ಗಣಪತಿ ಮಾತ್ರ ಸ್ಪಷ್ಟವಾಗಿ ಇದ್ದಾನೆ. ಪರದೆಯಲ್ಲಿ ಅವನ ಜಾಗಕ್ಕೆ ದೀಪದ ಕಂಬ ಬರೆಸೋಣ.

ನನಗೆ ನೆಗಡಿ ಆಗಿದೆ, ಜ್ವರ ಇರಲಿಕ್ಕಿಲ್ಲ. ಈ ಕಾರ್ಡಿನ ಚಿತ್ರ ಅಂಗಡಿಯದು. ನನ್ನದನ್ನು ಅಂಚೆಗೆ ಹಾಕುವ ಧೈರ್ಯ ಬರಲಿಲ್ಲ. ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ನಾನೇ ತರುತ್ತೇನೆ.

ನಿನ್ನ ತಮ್ಮ
ಶ್ರೀಪಾದ