ಹುಲ್ಲು ತುಂಬಿದ ಕರು

ದಿಬ್ಬೂರಹಳ್ಳಿ
೧೮-೨-೧೯೬೨

ಪೂಜ್ಯ ಅಕ್ಕನಿಗೆ ನಿನ್ನ ಶ್ಯಾಮಲ ಮಾಡುವ ನಮಸ್ಕಾರ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಮಂಡಿಕಲ್ಲಿನಲ್ಲಿ ನೀನು ಎಷ್ಟು ಗಾಬರಿಪಟ್ಟೆಯೋ. ನಮ್ಮ ಮೈಗೇನೂ ಆಗಿಲ್ಲ. ಆದರೆ ಒಂದು ತಿಂಗಳಿಂದ ನಮ್ಮನೆಯವರು ನನ್ನೊಂದಿಗೆ ಮಾತು ಬಿಟ್ಟಿದ್ದರು. ನಾನು ಹಾಲು, ಮಜ್ಜಿಗೆ ಬಿಟ್ಟಿದ್ದೇನೆ. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ದೀಪಾವಳಿಯ ಹೊತ್ತಿಗೆ ದೊಡ್ಡ ಎಮ್ಮೆ ಗಂಡುಗರು ಹಾಕಿತು. ಈಗ ನಾವು ಶಿಡ್ಲಘಟ್ಟದ ಒಂದು ಹೋಟೆಲಿಗೆ ಹಾಲು ಕಳಿಸುತ್ತೇವೆ. ಕರುವಿಗೆ ಎರಡು ಗುಟುಕು ಕುಡಿಸಿ, ಹಾಲು ಇಳಿದೊಡನೆ ಎಳೆದು ಕಟ್ಟುತ್ತಿದ್ದರು. ಅದರ ಪಕ್ಕೆಲುಬು ಎಣಿಸುವ ಹಾಗಾಯಿತು. ನೋಡಲಾರದೆ ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಬಿಚ್ಚಿಬಿಡುತ್ತಿದ್ದೆ.

ಇವರಿಗೆ ಗೊತ್ತಾಗಿಹೋಯಿತು. “ದಿನಾ ಹಾಲು ಕಮ್ಮಿ ಬರ್ತೈತೆ. ಕರೂನ ಬಿಡ್ತಿರೋರು ಯಾರು?” ಎಂದರು.

“ನಾನೇ,” ಎಂದೆ.

ಅಂದೇ ಕರುವನ್ನು ಹಿತ್ತಿಲ ಕೊಟ್ಟಿಗೆಗೆ ಹಾಕಿ ಬೀಗ ಜಡಿದು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕರೆಯುವ ಹೊತ್ತಿಗೆ ಮಾತ್ರ ಅದನ್ನು ಹೊರಗೆ ತರುತ್ತಿದ್ದರು. ನಾನು ಬಾಗಿಲ ಸಂದಿಯಿಂದ ಗಂಜಿ ತಳ್ಳುತ್ತಿದ್ದೆ. ಅದು ಮೂಸುತ್ತಿರಲಿಲ್ಲ. ಹತ್ತೊಂಬತ್ತನೆಯ ದಿನ ಸತ್ತಿತು. ಅತ್ತೆ ನನ್ನ ಮುಖ ನೋಡಿ, “ಎಮ್ಮೆ ಗಂಡುಗರೂಗೂ ಅಳ್ತಾರೇನೇ ತಾಯಿ? ಉಳಕ್ಕಾ, ಕರೆಯಕ್ಕಾ, ಯಾತಕ್ಕೆ ಬರ್ತಿತ್ತು ಅದು?” ಎಂದರು.

ಕರುವಿಲ್ಲದೆ ಎಮ್ಮೆ ಹಾಲಿಳಿಸಲಿಲ್ಲ. ಆಗ ಇವರು ಸತ್ತ ಕರುವಿನ ಚರ್ಮ ಬಿಡಿಸಿ, ಹುಲ್ಲು ತುಂಬಿಸಿ ಹೊಲಿಸಿದರು. ಹೊತ್ತಿಗೆ ಸರಿಯಾಗಿ ಅದನ್ನು ಎಮ್ಮೆಯ ಮುಂದೆ ನಿಲ್ಲಿಸುವುದು. ಪಾಪದ್ದು, ಅದನ್ನು ನೆಕ್ಕುತ್ತಾ ನೆಕ್ಕುತ್ತಾ ಹಾಲು ಬಿಡುತ್ತಿತ್ತು ಅಕ್ಕಾ. ಆ ದಿನದಿಂದ ಮಜ್ಜಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಸಂಕ್ರಾಂತಿಯ ದಿನ ಎಮ್ಮೆಯ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟೆವು. ಆರತಿ ಆದದ್ದೇ ತಡ, ಇವರು ಅದೇ ಕೈಯಿಂದ ಆ ಹುಲ್ಲಿನ ಕರು ತಂದು ನಿಲ್ಲಿಸಿದರು. ಹಾಲು ಕರೆದುಕೊಂಡು ಒಳಗೆ ಹೋದರು. ನಾನು ಅದನ್ನು ಎತ್ತಿಕೊಂಡು ಹೋಗಿ ಹೊಲದ ಬದುವಿನಲ್ಲಿ ಗುಂಡಿ ತೋಡಿ ಹೂತುಬಿಟ್ಟೆ.

ಸಂಜೆ ಎಮ್ಮೆ ಇವರನ್ನು ಒದೆಯಿತು. ಪಾತ್ರೆ ಉರುಳಿತು. “ಎಲ್ಲೇ ಅದು?” ಎಂದು ಕಣ್ಣಿಹಗ್ಗ ಎತ್ತಿಕೊಂಡು ಬಂದರು.

“ಮಣ್ಣಿಗಿಟ್ಟೆ. ಹೊಡೀರಿ,” ಎಂದೆ.

ಅತ್ತೆ ನಡುವೆ ನುಗ್ಗಿ ಮಗನ ಕೈ ಹಿಡಿದುಕೊಂಡರು. “ಹಬ್ಬದ ದಿನ ಹೆಣ್ಣಿನ ಮೇಲೆ ಕೈ ಮಾಡಿದ್ರೆ ನಾನು ಈ ಮನೇಲಿರಲ್ಲ ಕಣೋ!” ಎಂದು ಕೂಗಿದರು. ಅವರು ಹಾಗೆ ನನ್ನ ಕಡೆ ನಿಲ್ಲುತ್ತಾರೆಂದು ನಾನು ಎಣಿಸಿರಲಿಲ್ಲ.

ಎಮ್ಮೆ ನಾಲ್ಕು ದಿನ ಒರಲಿ ಒರಲಿ ಬತ್ತಿಹೋಯಿತು. ಇವರು ಅದನ್ನು ಚಿಂತಾಮಣಿ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದರು. ಯಾರು ಕೊಂಡರೆಂದು ಕೇಳಿದರೆ ಹೇಳಲಿಲ್ಲ. ಬತ್ತಿದ ಎಮ್ಮೆಯನ್ನು ಕೊಳ್ಳುವವರು ಯಾರೆಂದು ನಿನಗೂ ಗೊತ್ತು. ಕರುವಿನ ಮರ್ಯಾದೆ ಉಳಿಸಲು ಹೋಗಿ ತಾಯಿಯನ್ನು ಕೊಂದೆನೇನೋ ಎಂಬ ಸಂಕಟ ಬಿಡುತ್ತಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಇವರು ತಲೆ ಎತ್ತದೆ, “ಇನ್ನೊಂದು ಎಮ್ಮೆ ಯುಗಾದಿ ಹೊತ್ತಿಗೆ ಈಯ್ತದೆ. ಎರಡು ಮೊಲೆ ಕರೂಗೇ ಬಿಡಣ. ಗಂಡಾದ್ರೂ ಸರಿ,” ಎಂದರು. ಆಗಲಿ ಎಂದೆ. ಆ ಕರು ಓಡಾಡುವುದನ್ನು ಕಂಡ ಮೇಲೆ ಮಜ್ಜಿಗೆ ಬಡಿಸಿಕೊಳ್ಳುತ್ತೇನೆ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮನೆ ತುಂಬಿರಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಶ್ಯಾಮಲ

ಇಷ್ಟು ಬರೆದು ಕಾಗದ ಮಡಿಸಿದೆ, ಮತ್ತೆ ಬಿಚ್ಚಿದ್ದೇನೆ. ಒಂಬತ್ತು ವರ್ಷದ ಹಿಂದೆ ನನ್ನ ಹಸುಳೆ ಹೋದ ಮಾರನೆಯ ದಿನ, ನಿನಗೆ ಹಾಲು ಬಂದಿಲ್ಲವೆಂದು ಅಮ್ಮ ನಿನ್ನ ಕೂಸು ಬಯ್ಯಪ್ಪನನ್ನು ತಂದು ನನ್ನ ಮಡಿಲಿಗೆ ಹಾಕಿದಳು. ನಾನು ಮೊಲೆ ಕೊಟ್ಟೆ. ಅವನು ಬದುಕಿದ್ದು ನನಗೆ ಸಂತೋಷವೇ. ಆದರೆ ಕೊಡುತ್ತೀಯಾ ಎಂದು ಅಮ್ಮ ಕೇಳಲಿಲ್ಲ, ನೀನೂ ಕೇಳಲಿಲ್ಲ ಅಕ್ಕಾ.